ಅಮಾವಾಸ್ಯೆ ಮುಗಿಸಿ ಹೊರಟವನ ತೆರಿಗೆ

ನನ್ನ ಜೊತೆ ಕೆಲಸ ಮಾಡುತ್ತಿದ್ದ ಮಂಡ್ಯ ಕಡೆಯ ಗೆಳೆಯನೊಬ್ಬನಿಗೆ 2024ರಲ್ಲಿ ಎಚ್-1ಬಿ ವೀಸಾ ಸಿಕ್ತು. ಅಕ್ಟೋಬರ್ 1ರಿಂದ ಜಾರಿ. ಬೇಕಿದ್ದರೆ ಹತ್ತು ದಿನ ಮೊದಲೇ ಹೋಗಿ ಇಳಿಯಬಹುದು. ಟಿಕೆಟ್ ನೋಡುತ್ತಿದ್ದಾಗ ಅವನ ತಾಯಿ, "ಪಕ್ಷದಲ್ಲಿ ಯಾರಾದ್ರೂ ಊರು ಬಿಟ್ಟು ಹೋಗ್ತಾರೇನಪ್ಪ? ನಿಮ್ಮಪ್ಪಂಗೆ ಎಡೆ ಇಟ್ಟು, ಅಮಾಸೆ ಕಳೆದ್ಮೇಲೆ ಹೋಗು" ಅಂದರು. ಆ ವರ್ಷ ಮಹಾಲಯ ಅಮಾವಾಸ್ಯೆ ಬಿದ್ದದ್ದು ಅಕ್ಟೋಬರ್ 2ಕ್ಕೆ. ಇವನು 4ನೇ ತಾರೀಖು ವಿಮಾನ ಹತ್ತಿದ.

ಮುಂದಿನ ವರ್ಷ ರಿಟರ್ನ್ಸ್ ಹಾಕಲು ಕೂತಾಗ ಸಿಎ ಕೇಳಿದ ಮೊದಲ ಪ್ರಶ್ನೆ, "ನೀವು ಹೊರಟಿದ್ದು ಯಾವತ್ತು ಸರ್?" ಉತ್ತರ ಕೇಳಿ ಅವರು ಒಂದು ನಿಮಿಷ ಸುಮ್ಮನಾದರಂತೆ.

ಯಾಕೆ ಅಂತ ಹೇಳ್ತೀನಿ. ನಮ್ಮ ಆದಾಯ ತೆರಿಗೆ ಕಾನೂನು ನೀವು ಯಾವ ದೇಶದ ಪ್ರಜೆ ಅಂತ ನೋಡಿ ತೆರಿಗೆ ಹಾಕುವುದಿಲ್ಲ (ಅಮೆರಿಕ ತನ್ನ ಪ್ರಜೆಗಳಿಗೆ ಹಾಗೆ ಹಾಕುತ್ತದೆ). ನೀವು ಇಲ್ಲಿ ಎಷ್ಟು ದಿನ ಇದ್ದಿರಿ ಅಂತ ಎಣಿಸುತ್ತದೆ. ಕೆಲಸಕ್ಕೆಂದು ಹೊರದೇಶಕ್ಕೆ ಹೋಗುವ ಭಾರತೀಯನಿಗೆ ಗಡಿ 182 ದಿನ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ವರ್ಷದಲ್ಲಿ ಅಷ್ಟು ದಿನ ಇಲ್ಲಿದ್ದರೆ ನೀವು 'ರೆಸಿಡೆಂಟ್'. ಇದುವರೆಗೂ ಇಲ್ಲೇ ಇದ್ದವರಾದರೆ ಜಗತ್ತಿನ ಯಾವ ಮೂಲೆಯಲ್ಲಿ ದುಡಿದರೂ ಆ ವರ್ಷದ ಪೂರ್ತಿ ಆದಾಯಕ್ಕೆ ಇಲ್ಲಿ ತೆರಿಗೆ. ಅದಕ್ಕಿಂತ ಕಡಿಮೆ ಇದ್ದರೆ 'ನಾನ್-ರೆಸಿಡೆಂಟ್', ಭಾರತದ ಆದಾಯಕ್ಕೆ ಮಾತ್ರ ತೆರಿಗೆ.

ಈಗ ಬೆರಳು ಮಡಚಿ ಎಣಿಸಿ. ಏಪ್ರಿಲ್ 1ರಿಂದ ಸೆಪ್ಟೆಂಬರ್ 30ಕ್ಕೆ 183 ದಿನ. ಹೊರಡುವ ದಿನವನ್ನೂ ಲೆಕ್ಕಕ್ಕೆ ಹಿಡಿದರೆ ಸೆಪ್ಟೆಂಬರ್ 28ಕ್ಕೆ ಹೊರಟವನದು 181, 29ಕ್ಕೆ ಹೊರಟವನದು 182. ಎಚ್-1ಬಿ ಶುರುವಾಗುವುದೇ ಅಕ್ಟೋಬರ್ 1ಕ್ಕೆ. ಅಂದರೆ ವೀಸಾ ಜಾರಿಯಾದ ದಿನ ಸರಿಯಾಗಿ ಹೊರಡುವ ಹುಡುಗ, ಹುಡುಗಿ ಎಲ್ಲರೂ ಗೆರೆಯ ಆಚೆಗೆ ಬಿದ್ದಿರುತ್ತಾರೆ.

ಇದರ ಬೆಲೆ ಎಷ್ಟು? ಒಂದು ಉದಾಹರಣೆ ಲೆಕ್ಕ ಹಾಕೋಣ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಅಮೆರಿಕದಲ್ಲಿ 50,000 ಡಾಲರ್ ಸಂಬಳ ಅಂತಿಟ್ಟುಕೊಳ್ಳಿ. ಡಾಲರಿಗೆ 84 ರೂಪಾಯಿಯಂತೆ 42 ಲಕ್ಷ. ಮೊದಲ ಆರು ತಿಂಗಳ ಇಲ್ಲಿನ ಸಂಬಳವೇ 15 ಲಕ್ಷ ದಾಟಿದ್ದರೆ, ಈ 42 ಲಕ್ಷವೂ ಆ ವರ್ಷದ 30% ಸ್ಲ್ಯಾಬ್‌ಗೆ ಹೋಗುತ್ತದೆ. ಸೆಸ್ ಸೇರಿ 13.1 ಲಕ್ಷ. ಸರ್‌ಚಾರ್ಜ್ ಸೇರಿದರೆ ಇನ್ನೂ ಹೆಚ್ಚು. ಅಮೆರಿಕದಲ್ಲಿ ಸರಾಸರಿ 15% ಫೆಡರಲ್ ತೆರಿಗೆ ಕಟ್ಟಿದ್ದರೆ ಆ 6.3 ಲಕ್ಷಕ್ಕೆ ಎರಡು ದೇಶಗಳ ಒಪ್ಪಂದದ ಪ್ರಕಾರ ಕ್ರೆಡಿಟ್ ಸಿಗುತ್ತದೆ, ಅದಕ್ಕೆ ಫಾರ್ಮ್ 67 ಹಾಕಬೇಕು. ಉಳಿದ 6.8 ಲಕ್ಷ ಕೈಯಿಂದ. ಆ ಒಪ್ಪಂದದಲ್ಲಿ ಇರುವುದು ಫೆಡರಲ್ ತೆರಿಗೆ ಮಾತ್ರ. ಕ್ಯಾಲಿಫೋರ್ನಿಯಾದಂಥ ರಾಜ್ಯ ಕಿತ್ತುಕೊಳ್ಳುವ ತೆರಿಗೆ ಬೇರೆ. ಹೊಸ ಊರಲ್ಲಿ ಮನೆ ಅಡ್ವಾನ್ಸು, ಹಳೆ ಕಾರು ಅಂತ ಒದ್ದಾಡುವ ವರ್ಷದಲ್ಲೇ ಈ ಬಿಲ್ಲು.

ಭಟ್ಕಳ, ಉಡುಪಿ, ಮಂಗಳೂರಿನಿಂದ ದುಬೈಗೆ ಹೋಗುವವರ ಕಥೆ ಇನ್ನೊಂದು ಥರ. ಅಲ್ಲಿ ಸಂಬಳಕ್ಕೆ ತೆರಿಗೆಯೇ ಇಲ್ಲ, ಹಾಗಾಗಿ ಇಲ್ಲಿ ಕ್ರೆಡಿಟ್ ಪಡೆಯಲು ಏನೂ ಇರುವುದಿಲ್ಲ. 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ರಿಬೇಟ್ ಇರುವುದರಿಂದ ಸಣ್ಣ ಸಂಬಳದವರು ಬಚಾವ್. ಅದಕ್ಕಿಂತ ಮೇಲಿನ ನರ್ಸ್, ಇಂಜಿನಿಯರ್ ತಡವಾಗಿ ಹೊರಟರೆ ಪೂರ್ತಿ ಕಟ್ಟಬೇಕು.

ದುಡ್ಡಿನ ಜೊತೆ ಕಾಗದವೂ ಇದೆ. ರೆಸಿಡೆಂಟ್ ಆದಮೇಲೆ ಅಲ್ಲಿ ತೆರೆದ ಬ್ಯಾಂಕ್ ಖಾತೆ, ಕಂಪನಿ ಕೊಟ್ಟ ಷೇರು ಎಲ್ಲವನ್ನೂ ರಿಟರ್ನ್ಸ್‌ನ ಶೆಡ್ಯೂಲ್ ಎಫ್ಎಯಲ್ಲಿ ತೋರಿಸಬೇಕು. ಆದಾಯಕ್ಕೆ ಏಪ್ರಿಲ್-ಮಾರ್ಚ್ ವರ್ಷ, ಈ ಪಟ್ಟಿಗೆ ಜನವರಿ-ಡಿಸೆಂಬರ್ ವರ್ಷ! ಮರೆತರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ದಂಡ ಹಾಕಬಹುದು. 2024ರ ಅಕ್ಟೋಬರ್‌ನಿಂದ, ಸ್ಥಿರಾಸ್ತಿ ಬಿಟ್ಟು ಒಟ್ಟು 20 ಲಕ್ಷದವರೆಗಿನ ಆಸ್ತಿಗೆ ಈ ದಂಡವಿಲ್ಲ. ಒಳ್ಳೆಯ ತಿದ್ದುಪಡಿ. ಆದರೆ ಮೊದಲ ಸಂಬಳ ಹಾಕಿಸಿಕೊಳ್ಳಲು ಖಾತೆ ತೆರೆದ ಹುಡುಗನ ಹೆಸರು ಕಪ್ಪುಹಣದ ಕಾಯ್ದೆಯ ಹತ್ತಿರ ಸುಳಿಯುವುದೇ ಮುಜುಗರ.

"ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕಲ್ವಾ?" ಅಂತ ಕೇಳ್ತೀರಿ. ಎಳೀಲಿ. ನನ್ನ ತಕರಾರು ಗೆರೆಯ ಬಗ್ಗೆ ಅಲ್ಲ. ಗೆರೆ ದಾಟಿದ ಒಂದು ದಿನಕ್ಕೆ ಇಡೀ ವರ್ಷದ ಹಣೆಬರಹ ಬದಲಾಗುವುದರ ಬಗ್ಗೆ. ಮನುಷ್ಯ ದೇಶ ಬಿಡುವುದು ಒಂದು ನಿರ್ದಿಷ್ಟ ದಿನ. ಅಲ್ಲಿಯವರೆಗೆ ರೆಸಿಡೆಂಟ್, ಅಲ್ಲಿಂದ ಮುಂದೆ ನಾನ್-ರೆಸಿಡೆಂಟ್ ಅಂದರೆ ಮುಗೀತು. ಬ್ರಿಟನ್ 2013ರಿಂದ ಇದನ್ನು 'ಸ್ಪ್ಲಿಟ್ ಇಯರ್' ಅಂತ ಕಾನೂನಿನಲ್ಲೇ ಬರೆದಿಟ್ಟಿದೆ. ಅಮೆರಿಕದಲ್ಲೂ ವಿದೇಶಿಯರಿಗೆ 'ಡ್ಯುಯಲ್ ಸ್ಟೇಟಸ್' ವರ್ಷ ಅಂತ ಇದೆ. ನಮ್ಮಲ್ಲಿ ವರ್ಷವನ್ನು ಒಡೆಯುವ ದಾರಿಯೇ ಇಲ್ಲ. ಒಪ್ಪಂದದ ಟೈ-ಬ್ರೇಕರ್ ಹಿಡಿದು ವಾದಿಸಬಹುದು ಅನ್ನುತ್ತಾರೆ. ಸಂಬಳದ ಮನುಷ್ಯ ವಾದಿಸಬೇಕಾಗಿ ಬರುವುದೇ ಕಾನೂನಿನ ಸೋಲು.

ನಮ್ಮ ಕಾನೂನಿಗೆ ಮೃದುವಾಗಲು ಬರೋದೇ ಇಲ್ಲ ಅಂತಲ್ಲ. ಹಲವು ವರ್ಷ ಹೊರಗಿದ್ದು ವಾಪಸ್ ಬಂದವರಿಗೆ 'ನಾಟ್ ಆರ್ಡಿನರಿಲಿ ರೆಸಿಡೆಂಟ್' ಅಂತ ಸ್ವಲ್ಪ ಕಾಲ ಉಸಿರಾಡಲು ಬಿಡುತ್ತದೆ. 2020ರಲ್ಲಿ ಲಾಕ್‌ಡೌನ್‌ನಿಂದ ಇಲ್ಲಿ ಸಿಕ್ಕಿಹಾಕಿಕೊಂಡವರ ದಿನಗಳನ್ನು ಎಣಿಸಬೇಡಿ ಅಂತ ಸಿಬಿಡಿಟಿಯೇ ಸುತ್ತೋಲೆ ಹೊರಡಿಸಿತ್ತು. ಬರುವವರಿಗೆ ಇರುವ ಈ ಸಮಾಧಾನ ಹೋಗುವವರಿಗೆ ಇಲ್ಲ.

ಸರಿಮಾಡಲು ಒಳ್ಳೆಯ ಅವಕಾಶವೂ ಬಂದಿತ್ತು. 1961ರ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ ಬಂತು, ಜಾರಿ 2026ರ ಏಪ್ರಿಲ್ 1ರಿಂದ. ಸೆಕ್ಷನ್‌ಗಳು 819ರಿಂದ 536ಕ್ಕೆ ಇಳಿದವು. 'ಪ್ರೀವಿಯಸ್ ಇಯರ್', 'ಅಸೆಸ್‌ಮೆಂಟ್ ಇಯರ್' ಎರಡೂ ಹೋಗಿ 'ಟ್ಯಾಕ್ಸ್ ಇಯರ್' ಆಯಿತು. ಓದಲು ನಿಜಕ್ಕೂ ಸುಲಭ. ಆದರೆ 182 ದಿನದ ಲೆಕ್ಕ ಹಾಗೇ ಇದೆ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ, ಕೋಡ್ ರಿಫ್ಯಾಕ್ಟರ್ ಆಯ್ತು, ಬಗ್ ಮಾತ್ರ ಹೊಸ ರಿಲೀಸ್‌ಗೂ ಹೋಯ್ತು.

ಗೆಳೆಯ ತೆರಿಗೆ ಕಟ್ಟಿದ. ತಾಯಿಗೆ ಈ ವಿಷಯ ಹೇಳಿಲ್ಲ. ಹೇಳಿದರೆ "ಅಯ್ಯೋ, ನನ್ನಿಂದಾಗಿ ಹಿಂಗಾಯ್ತಲ್ಲಪ್ಪ" ಅಂತ ಕೊರಗುತ್ತಾರೆ ಅಂದ. ತಪ್ಪು ಅವರದಲ್ಲ, ಅಮಾವಾಸ್ಯೆಯದೂ ಅಲ್ಲ. ಕಾನೂನು ಬದಲಾಗುವವರೆಗೆ ನಾವು ಮಾಡಬಹುದಾದದ್ದು ಇಷ್ಟೇ: ಆಫೀಸಲ್ಲಿ ಯಾರಾದರೂ ವೀಸಾ ಬಂತು ಅಂತ ಸ್ವೀಟ್ ಹಂಚಿದರೆ, ಕಂಗ್ರಾಟ್ಸ್ ಹೇಳಿದ ಮೇಲೆ ಟಿಕೆಟ್ ಯಾವತ್ತಿಗೆ ಅಂತ ಕೇಳಿ.