ಬಾಗಿಲಲ್ಲಿ ತೂಗುಹಾಕಿದ ಚಿತ್ರ

ಅಫ್ರಾ ಬೆನ್ ಬರೆದ ‘ದ ರೋವರ್’ (1677) ನಾಟಕವನ್ನು ಎಂ.ಎ. ತರಗತಿಯಲ್ಲಿ ಮೊದಲು ಓದಿದಾಗ ನನಗೆ ಹೆಲೆನಾ ಒಬ್ಬಳೇ ಕಂಡಿದ್ದಳು. ಮನೆಯವರು ಅವಳನ್ನು ಸನ್ಯಾಸಿನಿಯಾಗಿಸಲು ಹೊರಟಿದ್ದಾರೆ. ಅವಳೋ ನೇಪಲ್ಸ್‌ನ ಕಾರ್ನಿವಲ್ ಗದ್ದಲದಲ್ಲಿ ವೇಷ ಮರೆಸಿ ಹೊರಬಿದ್ದು, ತನಗೆ ಬೇಕಾದವನನ್ನು ತಾನೇ ಆರಿಸಿಕೊಳ್ಳುತ್ತಾಳೆ. ಈಗ ಸಂಶೋಧನೆಗಾಗಿ ಮತ್ತೆ ಓದುವಾಗ ಕಣ್ಣು ಬೇರೊಬ್ಬಳ ಮೇಲೆ ನಿಲ್ಲುತ್ತದೆ: ತನ್ನ ಚಿತ್ರಗಳನ್ನು ಮನೆಯ ಹೊರಗೆ ತೂಗುಹಾಕಿ, ತಿಂಗಳಿಗೆ ಸಾವಿರ ಕ್ರೌನ್ ಎಂದು ಬೆಲೆ ಕಟ್ಟಿರುವ ವೇಶ್ಯೆ ಆಂಜೆಲಿಕಾ ಬಿಯಾಂಕಾ.

ನಾಟಕದ ನಾಯಕ ವಿಲ್‌ಮೋರ್ ದೇಶಭ್ರಷ್ಟ ರಾಜನಿಷ್ಠ, ಜೇಬು ಖಾಲಿ. ಪ್ರೀತಿಯನ್ನು ಮಾರುತ್ತೀಯಲ್ಲ ಎಂದು ಆಂಜೆಲಿಕಾಳನ್ನು ಜರೆಯುತ್ತಾನೆ. ಗಂಡಸರು ಮದುವೆಯಾಗುವಾಗ ಹೆಣ್ಣಿನ ಗುಣಕ್ಕಿಂತ ಮೊದಲು ಅವಳ ಹಣವನ್ನಲ್ಲವೇ ವಿಚಾರಿಸುವುದು ಎಂದು ಅವಳು ತಿರುಗಿ ಕೇಳುತ್ತಾಳೆ. ಅದು ಕೆಟ್ಟ ಪದ್ಧತಿಯೆಂದು ಅವನೂ ಒಪ್ಪುತ್ತಾನೆ. ಆ ಮಾತಿಗೆ ಸೋತು ಆಂಜೆಲಿಕಾ ಬೆಲೆಯನ್ನೇ ಬಿಟ್ಟುಕೊಡುತ್ತಾಳೆ. ಅವನು ಹೆಲೆನಾಳ ಹಿಂದೆ ಹೋಗುತ್ತಾನೆ.

ಈ ಪ್ರಶ್ನೆ ಆ ಕಾಲದ ರಂಗಭೂಮಿಗೂ ತಾಗುತ್ತದೆ. 1642ರಲ್ಲಿ ಪಾರ್ಲಿಮೆಂಟು ಮುಚ್ಚಿಸಿದ್ದ ನಾಟಕಶಾಲೆಗಳು 1660ರಲ್ಲಿ ಎರಡನೆಯ ಚಾರ್ಲ್ಸ್ ಮರಳಿದ ಮೇಲೆ ತೆರೆದವು. ಹೆಣ್ಣಿನ ಪಾತ್ರಗಳನ್ನು ಹೆಂಗಸರೇ ಮಾಡಬೇಕೆಂದು 1662ರ ರಾಜಾಜ್ಞೆ ಹೇಳಿತು. ಗಂಡಸರು ಸ್ತ್ರೀವೇಷ ಹಾಕುವುದು ಹಲವರಿಗೆ ಅಸಹ್ಯವಾಗಿದೆ ಎಂಬುದು ಅದು ಕೊಟ್ಟ ಕಾರಣ. ಹೀಗೆ ಮರ್ಯಾದೆಯ ಹೆಸರಿನಲ್ಲಿ ರಂಗಕ್ಕೆ ಬಂದ ನಟಿಗೆ ಕಂಪನಿಗಳು ಗಂಡುಡುಗೆ ತೊಡಿಸಿ, ಲಂಗದಡಿ ಮುಚ್ಚಿರುತ್ತಿದ್ದ ಕಾಲುಗಳನ್ನು ಪ್ರೇಕ್ಷಕರಿಗೆ ತೋರಿಸಿದವು. ಎಲಿಜಬೆತ್ ಬ್ಯಾರಿ ಮೊದಲು ಅಭಿನಯಿಸಿದ ಹೆಲೆನಾಳೂ ಒಂದು ದೃಶ್ಯದಲ್ಲಿ ಹುಡುಗನ ವೇಷದಲ್ಲಿ ಬರುತ್ತಾಳೆ. ನಟಿಯರ ಆಗಮನವನ್ನು ಬರಿಯ ಬಿಡುಗಡೆಯ ಕಥೆಯಾಗಿ ಹೇಳುವವರು ಈ ವ್ಯಾಪಾರವನ್ನು ಮರೆಯುತ್ತಾರೆ.

ಬೆನ್ ಮರೆತಿರಲಿಲ್ಲ. ಆಕೆ ಹೊಟ್ಟೆಪಾಡಿಗಾಗಿ ಬರೆದವಳು; ಮೂರನೆಯ ದಿನದ ಪ್ರದರ್ಶನದ ಗಳಿಕೆ ನಾಟಕಕಾರರಿಗೆ ಸಲ್ಲುತ್ತಿದ್ದ ಕಾಲವದು. ಥಾಮಸ್ ಕಿಲಿಗ್ರೂನ ‘ಥೊಮಾಸೊ’ದಿಂದ ಕದ್ದಿದ್ದಾಳೆ ಎಂಬ ಆರೋಪ ಬಂದಾಗ, ತಾನು ಕದ್ದದ್ದು ಆಂಜೆಲಿಕಾಳ ಚಿತ್ರಫಲಕವೊಂದನ್ನೇ ಎಂದು ಉತ್ತರಿಸಿದಳು. ಅದು ಪೂರ್ತಿ ನಿಜವಲ್ಲ. ಋಣ ಅದಕ್ಕಿಂತ ದೊಡ್ಡದು. ಆದರೆ ತನ್ನ ಗುರುತಾಗಿ ಆಕೆ ಎತ್ತಿ ಹಿಡಿದದ್ದು ಆ ಫಲಕವನ್ನೇ. ಇಬ್ಬರ ಹೆಸರಿನ ಮೊದಲಕ್ಷರಗಳೂ ಒಂದೇ ಎಂಬುದನ್ನು ವಿಮರ್ಶಕರು ಗುರುತಿಸಿದ್ದಾರೆ.

ಕೊನೆಯಲ್ಲಿ ಆಂಜೆಲಿಕಾ ವಿಲ್‌ಮೋರ್‌ನ ಎದೆಗೆ ಪಿಸ್ತೂಲು ಹಿಡಿಯುತ್ತಾಳೆ. ಅದನ್ನು ಇನ್ನೊಬ್ಬ ಗಂಡಸು ಕಸಿದುಕೊಳ್ಳುತ್ತಾನೆ. ಅವಳು ಹೊರಟುಹೋಗುತ್ತಾಳೆ, ಮದುವೆಗಳ ಮಾತು ಮುಂದುವರಿಯುತ್ತದೆ. ಇದು ನಾಟಕದ ದೌರ್ಬಲ್ಯವೆಂದು ನಾನೂ ಒಮ್ಮೆ ಟಿಪ್ಪಣಿ ಬರೆದಿದ್ದೆ. ಈಗ ಹಾಗನ್ನಿಸುವುದಿಲ್ಲ. ಹೆಲೆನಾಳ ಸ್ವಾತಂತ್ರ್ಯದ ಹಿಂದೆ ಅವಳ ಪಾಲಿಗೆ ಬಂದ 3 ಲಕ್ಷ ಕ್ರೌನ್ ಇದೆ. ಬೆಲೆ ಕಟ್ಟಿದವಳನ್ನು ಜರೆದವನು ಕೈಹಿಡಿಯುವುದು ಆ ಹಣವಂತೆಯನ್ನು. ಆಂಜೆಲಿಕಾ ಕೇಳಿದ ಪ್ರಶ್ನೆಗೆ ನಾಟಕ ಬಾಯಿಮಾತಿನಲ್ಲಿ ಉತ್ತರ ಕೊಡುವುದಿಲ್ಲ, ಮದುವೆಯನ್ನೇ ಉತ್ತರವಾಗಿ ನಮ್ಮೆದುರು ಇಡುತ್ತದೆ.