ಹಿಮದ ಮೇಲೊಂದು ತೊಗಲಿನ ಜಾಲರಿ

ಕೆನಡಾದ ಜೇಮ್ಸ್ ಕೊಲ್ಲಿಯ ಕ್ರೀ ಜನ ಕಟ್ಟುವ ಹಿಮಪಾದುಕೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ಬರ್ಚ್ ಮರದ ಸೀಳನ್ನು ಬಾಗುಕತ್ತಿಯಿಂದ ತಮ್ಮತ್ತಲೇ ಎಳೆದೆಳೆದು ಹೆರೆದು, ನಾರು ಮುರಿಯದಂತೆ ಬಗ್ಗಿಸಿದ ಚೌಕಟ್ಟು. ಅದರೊಳಗೆ ಕ್ಯಾರಿಬೂ ಜಿಂಕೆಯ ತೊಗಲಿನ ಹುರಿ. ಒಂದೇ ಹಸಿದೊಗಲನ್ನು ಸುತ್ತಸುತ್ತ ಕೊಯ್ಯುತ್ತಾ ಹೋದರೆ ಗಂಟೇ ಇಲ್ಲದ ಮಾರುಗಟ್ಟಲೆ ದಾರ! ಒದ್ದೆಯಿರುವಾಗಲೇ ಹೆಣೆಯುತ್ತಾರೆ, ಒಣಗುತ್ತಾ ಅದು ಮದ್ದಳೆಯ ಮುಚ್ಚಿಗೆಯಂತೆ ಬಿಗಿಯುತ್ತದೆ. ಆರು ಮೂಲೆಯ ಕಣ್ಣುಗಳು. ಪಾದದಡಿ ದಪ್ಪ ಹುರಿ, ತುದಿಗಳಲ್ಲಿ ಕಸೂತಿಯಷ್ಟು ನವಿರು.

ನನ್ನನ್ನು ಹೆಚ್ಚು ಸೆಳೆದದ್ದು ಕಾಲ್ಬೆರಳ ಬಳಿ ಬಿಟ್ಟ ಪುಟ್ಟ ಕಿಂಡಿ. ಹಿಮ್ಮಡಿ ಎತ್ತಿದೊಡನೆ ಬೆರಳು ಅದರೊಳಗೆ ಇಳಿಯುತ್ತದೆ, ಪಾದುಕೆಯ ಹಿಂಬದಿಯ ಬಾಲ ಹಿಮದ ಮೇಲೆ ಎಳೆದುಕೊಂಡೇ ಬರುತ್ತದೆ. ಪಾದುಕೆಯ ಇಡೀ ಭಾರವನ್ನು ಕಾಲು ಹೊರಬೇಕಿಲ್ಲ.

ಪಾದುಕೆಯ ಅಳತೆಯ ಆಯ್ಕೆಗೂ ವಿವೇಕ ಬೇಕು. ಮೈತೂಕಕ್ಕೆ ಬೆನ್ನ ಹೊರೆಯನ್ನೂ ಕೂಡಿಸಿಕೊಳ್ಳಬೇಕು. ಬಯಲಿನ ಪುಡಿಹಿಮಕ್ಕೆ ಉದ್ದನೆಯದು, ಪೊದೆಗಾಡಿಗೆ ಗಿಡ್ಡನೆಯ ಅಗಲದ್ದು. ಗಟ್ಟಿಗಟ್ಟಿದ ಇಳಿಜಾರಿಗೆ ಇಂದಿನ ಅಲ್ಯೂಮಿನಿಯಂ ಪಾದುಕೆಯ ಉಕ್ಕಿನ ಹಲ್ಲುಗಳೇ ಸರಿ, ಒಪ್ಪುತ್ತೇನೆ. ಆದರೆ ಹೊಸ ಹಿಮದಲ್ಲಿ ಈ ಜಾಲರಿ ಸದ್ದಿಲ್ಲದೆ ಊರುತ್ತದೆ. ಮತ್ತೆ ಎತ್ತಿದಾಗ ಹಿಮದ ಪುಡಿ ಜರಡಿಯ ಹಿಟ್ಟಿನಂತೆ ಕಣ್ಣುಗಳಿಂದ ಸುರಿಯುತ್ತದೆ.