ಕುಡಿಯದೆ ಅಳುವ ಕಷ್ಟ

ಮಂಗಳೂರಿನ ದೇರೆಬೈಲಿನಲ್ಲಿ ಸಂಜೆ ಮುಖ ಬಾಡಿಸಿಕೊಂಡು ಮನೆಗೆ ಬಂದ ಗಂಡಸನ್ನು ಏನಾಯಿತೆಂದು ಕೇಳಿದರೆ ಸಿಗುವ ಉತ್ತರ ಹೆಚ್ಚಾಗಿ ಒಂದೇ: 'ಎಂತ ಇಲ್ಲ, ಸ್ವಲ್ಪ ಮಂಡೆಬಿಸಿ.' ಸಾಲ ಕೊಟ್ಟವನು ಬಾಗಿಲಿಗೆ ಬಂದರೂ ಮಂಡೆಬಿಸಿ, ಅಪ್ಪ ತೀರಿಕೊಂಡರೂ ಮಂಡೆಬಿಸಿ, ಗಲ್ಫಿನ ಕೆಲಸ ಹೋಗಿ ಊರಿಗೆ ಮರಳಿದ ಅವಮಾನಕ್ಕೂ ಅದೇ. ತುಳುವಿನಲ್ಲಾದರೆ 'ಮಂಡೆಬೆಚ್ಚ'. ಭಯ, ನಾಚಿಕೆ, ದುಃಖ, ಸಿಟ್ಟು ಎಲ್ಲವನ್ನೂ ಒಂದೇ ಗೋಣಿಗೆ ತುಂಬಿ ಬಾಯಿ ಕಟ್ಟಿಬಿಡುವ ಮಾತು ಅದು. ಗೋಣಿ ಬಿಚ್ಚುವುದು ಮೂರನೆಯ ಪೆಗ್ಗಿನ ಮೇಲೆ. ಆಗ ಅವನು ಅಳಬಹುದು, ಗೆಳೆಯನ ಹೆಗಲಿಗೆ ಒರಗಬಹುದು. ಬೆಳಗ್ಗೆ 'ನಿನ್ನೆ ಸ್ವಲ್ಪ ಜಾಸ್ತಿಯಾಯಿತು' ಅಂದರೆ ಎಲ್ಲ ಚುಕ್ತಾ.

ಈ ರಿಯಾಯಿತಿಯನ್ನು ಕನ್ನಡ ಸಾಹಿತ್ಯವೂ ಪ್ರೀತಿಯಿಂದಲೇ ಕೊಟ್ಟಿದೆ. ಜಿ.ಪಿ. ರಾಜರತ್ನಂ ಅವರ ರತ್ನ ನಮ್ಮೆಲ್ಲರ ಅಚ್ಚುಮೆಚ್ಚಿನ ಕುಡುಕ. ಹೆಂಡದ ಹುರುಪಿನಲ್ಲೇ ಅವನ ನಾಲಗೆಗೆ ನಿಜ ಒಲಿಯುವುದು. ಕುಡಿತ ಬಿಟ್ಟವನು ಮರುದಿನ ಏನು ಮಾತಾಡಿದ ಎಂಬ ಪದಕ್ಕೆ ಅಂಥ ಜನಪ್ರಿಯತೆ ಬಂದಿಲ್ಲ.

ಹಾಗಾಗಿ ಬಾಟಲಿ ಕೆಳಗಿಟ್ಟವನು ಕಳೆದುಕೊಳ್ಳುವುದು ಮದ್ಯವನ್ನಷ್ಟೇ ಅಲ್ಲ, ಅಳುವುದಕ್ಕೆ ಸಿಗುತ್ತಿದ್ದ ಪರವಾನಗಿಯನ್ನೂ. ಅದನ್ನು ಮರಳಿ ಕೊಡುವ ಎರಡು ಪದ್ಧತಿಗಳು ದಕ್ಷಿಣ ಕನ್ನಡದಲ್ಲಿ ದಶಕಗಳಿಂದ ನಡೆದುಕೊಂಡು ಬಂದಿವೆ. ಒಂದು, 1935ರಲ್ಲಿ ಅಮೆರಿಕದ ಆಕ್ರನ್ ಪಟ್ಟಣದಲ್ಲಿ ಬಿಲ್ ವಿಲ್ಸನ್ ಮತ್ತು ಡಾ. ಬಾಬ್ ಸ್ಮಿತ್ ಶುರುಮಾಡಿದ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ. ಇನ್ನೊಂದು, ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರ. ಎರಡರಲ್ಲೂ ಬಾಯಿಬಿಟ್ಟು ಹೇಳಿಕೊಳ್ಳುವುದೇ ಮದ್ದು. ಆದರೆ ಹೇಳಿಕೊಳ್ಳುವ ಬಗೆ ಬೇರೆ.

ಎ.ಎ. ಸಭೆಯಲ್ಲಿ ನೋಡುವುದಕ್ಕೆ ಏನೂ ಇರುವುದಿಲ್ಲ. ಒಂದು ಕೋಣೆ, ಕೆಲವು ಪ್ಲಾಸ್ಟಿಕ್ ಕುರ್ಚಿ, ಚಹಾ. ಒಬ್ಬ ಹೆಸರು ಹೇಳಿ 'ನಾನೊಬ್ಬ ಮದ್ಯವ್ಯಸನಿ' ಅನ್ನುತ್ತಾನೆ. ಸಂಬಳದ ಕವರು ಎಲ್ಲಿ ಹೋಯಿತು, ಮಗಳ ಶಾಲೆಯ ವಾರ್ಷಿಕೋತ್ಸವದ ದಿನ ತಾನು ಎಲ್ಲಿ ಬಿದ್ದಿದ್ದೆ ಎಂದು ಹೇಳುತ್ತ ಹೋಗುತ್ತಾನೆ. ಯಾರೂ ನಡುವೆ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಮುಗಿದ ಮೇಲೆ ಒಂದು ಥ್ಯಾಂಕ್ಸ್, ನಂತರ ಮುಂದಿನವನ ಸರದಿ. ದೇರೆಬೈಲಿನ ಕೊಂಕಣಿ ಕ್ಯಾಥೊಲಿಕರಿಗೆ ಪಾಪನಿವೇದನೆಯ ಅಭ್ಯಾಸವಿದೆ. ಆದರೆ ಅಲ್ಲಿ ಗುರುಗಳಿದ್ದಾರೆ, ಕೊನೆಗೆ ಕ್ಷಮೆಯಿದೆ. ಇಲ್ಲಿ ಕ್ಷಮಿಸುವ ಅಧಿಕಾರ ಯಾರಿಗೂ ಇಲ್ಲ. ಎ.ಎ.ಯ ಹನ್ನೆರಡು ಮೆಟ್ಟಿಲುಗಳಲ್ಲಿ ಐದನೆಯದು ದೇವರ ಮತ್ತು ತನ್ನ ಎದುರು ಮಾತ್ರವಲ್ಲ, ಇನ್ನೊಬ್ಬ ಮನುಷ್ಯನ ಎದುರೂ ತನ್ನ ತಪ್ಪುಗಳನ್ನು ಒಪ್ಪಿಕೊಳ್ಳುವುದು, ಅಷ್ಟೆ. (ಯಾರು ಯಾರ ಭಾವ, ಯಾರು ಯಾರ ದೊಡ್ಡಪ್ಪನ ಮಗ ಎಂದು ಎಲ್ಲರಿಗೂ ಗೊತ್ತಿರುವ ಮಂಗಳೂರಿನಲ್ಲಿ 'ಅನಾಮಿಕ' ಎಂಬ ಮಾತಿಗೆ ಎಷ್ಟು ಅರ್ಥವಿದೆ ಎಂಬುದು ಬೇರೆ ಪ್ರಶ್ನೆ.) ಈ ವಿಧಾನಕ್ಕೆ ಪುರಾವೆಯೂ ಇದೆ. 27 ಅಧ್ಯಯನಗಳ 10,565 ಮಂದಿಯ ವಿವರಗಳನ್ನು ತೂಗಿ ನೋಡಿದ 2020ರ ಕಾಕ್ರೇನ್ ವಿಮರ್ಶೆಯ ಪ್ರಕಾರ, ಪೂರ್ತಿ ಕುಡಿಯದೆ ಉಳಿಯುವ ವಿಷಯದಲ್ಲಿ ಎ.ಎ. ಆಧರಿಸಿದ ಕ್ರಮಬದ್ಧ ಚಿಕಿತ್ಸೆಯದು ಬೇರೆ ಚಿಕಿತ್ಸೆಗಳಿಗಿಂತ ಮೇಲುಗೈ.

ಶಿಬಿರದ ಗತ್ತೇ ಬೇರೆ. ಊರಿನ ಸಭಾಭವನ, ಸ್ಥಳೀಯ ವ್ಯವಸ್ಥಾಪನಾ ಸಮಿತಿ, ಭಜನೆ, ಯೋಗ, ಎಂಟು ದಿನ. ಇದರ ದೊಡ್ಡ ಗುಣ ಊರೇ ಮುಂದೆ ನಿಲ್ಲುವುದು: ನಿನ್ನೆ ಚರಂಡಿಯ ಪಕ್ಕ ಬಿದ್ದವನನ್ನು ಕಂಡು ದಾಟಿ ಹೋದವರೇ ಇಂದು ಅವನಿಗೆ ಊಟ ಬಡಿಸುತ್ತಾರೆ. ಆದರೆ ಕುಡಿತ ಹಠಾತ್ತನೆ ನಿಂತ ಮೊದಲ ಎರಡು ಮೂರು ದಿನ ಕೈನಡುಕ, ಬೆವರು, ಕೆಲವರಿಗೆ ಫಿಟ್ಸ್, ಇಲ್ಲದ್ದು ಕಾಣುವ ಭ್ರಮೆ. ಆ ಹೊತ್ತಿಗೆ ಬೇಕಾದದ್ದು ಡಾಕ್ಟರು, ಪ್ರವಚನವಲ್ಲ. ಆ ಡಾಕ್ಟರು ಸಿಗುವುದೇ ಅಪರೂಪ: ಏಮ್ಸ್ ನಡೆಸಿದ 2019ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರಿಗಷ್ಟೇ ಯಾವುದಾದರೊಂದು ಚಿಕಿತ್ಸೆ ಸಿಕ್ಕಿತ್ತು. ಅಂಥ ದೇಶದಲ್ಲಿ ಊರೂರಿಗೆ ಬರುವ ಶಿಬಿರವನ್ನು ಹಗುರಾಗಿ ಕಾಣುವಂತಿಲ್ಲ.

ತಕರಾರು ಇರುವುದು ವ್ಯಾಕರಣದಲ್ಲಿ. ಸಮಾರೋಪದ ಮರುದಿನ ಪತ್ರಿಕೆಯಲ್ಲಿ ಗುಂಪು ಫೋಟೊ, ಕೆಳಗೆ 'ಇಷ್ಟು ಮಂದಿ ಪಾನಮುಕ್ತರಾದರು'. ಭೂತಕಾಲ. ಎಂಟೇ ದಿನಕ್ಕೆ ಕ್ರಿಯಾಪದ ಮುಗಿದುಹೋಗಿದೆ. ಅತ್ತ ಎ.ಎ.ಯಲ್ಲಿ ಇಪ್ಪತ್ತು ವರ್ಷ ಹನಿ ಮುಟ್ಟದವನೂ 'ಮದ್ಯವ್ಯಸನಿಯಾಗಿದ್ದೇನೆ' ಅನ್ನುತ್ತಾನೆ. ಹೊರಗಿನವರಿಗೆ ಅದು ಅತಿರೇಕ ಅನ್ನಿಸುತ್ತದೆ. ಆದರೆ ಕಾಲು ಜಾರಿದ ರಾತ್ರಿ ಲೆಕ್ಕ ತಿರುಗುತ್ತದೆ. ಊರೆದುರು ಮುಕ್ತನೆಂದು ಘೋಷಿಸಲ್ಪಟ್ಟವನಿಗೆ 'ನಿನ್ನೆ ಕುಡಿದೆ' ಎಂದು ಹೇಳಲು ಬಾಯಿ ಬರುವುದಿಲ್ಲ. ಹೇಳಿದರೆ ಫೋಟೊ ಸುಳ್ಳಾಗುತ್ತದೆ, ಸಮಿತಿಯ ಮುಖ ಸಣ್ಣದಾಗುತ್ತದೆ. ಹೀಗೆ ಕುಡಿತಕ್ಕಿಂತ ಹಳೆಯ ಚಟವಾದ ಮುಚ್ಚಿಡುವಿಕೆ ಹಿತ್ತಿಲ ಬಾಗಿಲಿನಿಂದ ಒಳಗೆ ಬರುತ್ತದೆ. ಯೋಜನೆಗೆ ಇದು ಗೊತ್ತಿಲ್ಲವೆಂದಲ್ಲ. ಶಿಬಿರ ಮುಗಿಸಿದವರ ನವಜೀವನ ಸಮಿತಿಗಳು, ನೂರು ದಿನ ತುಂಬಿದಾಗ ಶತದಿನೋತ್ಸವ, ಎಲ್ಲ ಅದಕ್ಕೇ ಇರುವುದು. ಸಮಿತಿಯ ಆ ಸಣ್ಣ ಬೈಠಕ್ಕುಗಳೇ ಈ ಪದ್ಧತಿಯ ಜೀವಾಳ. ಅವುಗಳಿಗೆ ಫೋಟೊದ ಭಾಗ್ಯವಿಲ್ಲ. ಬಹುಶಃ ಇಲ್ಲದಿರುವುದೇ ಒಳ್ಳೆಯದು.

ಇನ್ನೂ ಕಷ್ಟದ ಮಾತು ಹೆಂಡತಿಯದು. ಶಿಬಿರಕ್ಕೆ ಮನೆಯವರು ಬರುವ ದಿನ ಗಂಡ ಕಣ್ಣೀರಿಟ್ಟು ತಪ್ಪಾಯಿತು ಅನ್ನುತ್ತಾನೆ, ಸಭೆಯೂ ಕಣ್ಣೊರೆಸಿಕೊಳ್ಳುತ್ತದೆ. ಅವನ ಕಣ್ಣೀರು ನಿಜವೇ ಇರಬಹುದು. ಆದರೆ ಹತ್ತು ವರ್ಷ ಏಟು ತಿಂದು, ಕರಿಮಣಿಯನ್ನೂ ಅಡವಿಟ್ಟವಳು ಅಷ್ಟು ಜನರೆದುರು 'ನನಗೆ ಇನ್ನೂ ನಂಬಿಕೆ ಬಂದಿಲ್ಲ' ಅಂದರೆ ಕೇಳುವ ಕಿವಿ ಅಲ್ಲಿದೆಯೇ? ಎ.ಎ.ಯ ಒಂಬತ್ತನೆಯ ಮೆಟ್ಟಿಲು, ನೊಂದವರಿಗೆ ಮತ್ತೆ ಪೆಟ್ಟಾಗುವುದಿದ್ದರೆ ಪ್ರಾಯಶ್ಚಿತ್ತವನ್ನೂ ತಡೆಹಿಡಿ ಎನ್ನುತ್ತದೆ. ಮನೆಯವರಿಗೆಂದೇ ಬಿಲ್ ವಿಲ್ಸನ್‌ನ ಹೆಂಡತಿ ಲೋಯಿಸ್ 1951ರಲ್ಲಿ ಆಲ್-ಅನಾನ್ ಎಂಬ ಬೇರೆ ಕೂಟ ಕಟ್ಟಬೇಕಾಯಿತು. ಅಂದರೆ ಎ.ಎ.ಯ ಕೋಣೆಯಲ್ಲೂ ಅವಳಿಗೆ ಕುರ್ಚಿ ಇರಲಿಲ್ಲ.

ಶಿಬಿರದಲ್ಲಿ ಆ ಕುರ್ಚಿ ಹಾಕುವುದು ಕಷ್ಟದ ಕೆಲಸವಲ್ಲ. ಗಂಡಸರನ್ನು ಕರೆತರುವ ಮೊದಲು ಹೆಂಗಸರನ್ನು ಒಂದು ಗಂಟೆ ಬೇರೆಯಾಗಿ ಕೂರಿಸಬೇಕು. ಮೈಕು ಬೇಡ, ಅತಿಥಿಗಳು ಬೇಡ, ಶಾಲು ಹೊದೆಸುವುದು ಬೇಡ. ತುಳುವೋ ಕೊಂಕಣಿಯೋ, ಬಂದ ಭಾಷೆಯಲ್ಲಿ ಅವರು ಮಾತಾಡಲಿ. ಅವರಲ್ಲೂ ಕೆಲವರು 'ಎಂತ ಇಲ್ಲ, ಮಂಡೆಬಿಸಿ' ಎಂದೇ ಶುರುಮಾಡಿಯಾರು.